ನಳಿಗೆಯ ಹೊಸ ಬಾಯಿ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೇಳದಿದ್ದರೂ ಎರಡು ಮಾತಿನೊಳಗೆ ಇವನು ಅದನ್ನು ಹೇಳಿಯೇ ತೀರುತ್ತಾನೆ ಎಂದು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಲಾಟೀನಿನ ಗಾಜು ಒರೆಸಿ ಒರೆಸಿ ಓದಿ ತಂದ ಬಿ.ಎಸ್ಸಿ. ಅದು, ಯಾರೂ ಕೈಗಿಟ್ಟದ್ದಲ್ಲ.

ನಾನು ಹುಕ್ಕೇರಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರು ಕೌಜಲಗಿಯಿಂದ ಮೂಡಲಗಿ ಕಡೆ ಹೋಗುವ ದಾರಿಯ ಬದಿಗಿದೆ. ಕುರಿ ಸಾಕುವ ಮನೆ ನಮ್ಮದು. ನಾವು ಇಬ್ಬರು ಅಣ್ಣತಮ್ಮಂದಿರು. ಇಬ್ಬರಲ್ಲಿ ಒಬ್ಬ ಕುರಿಯ ಹಿಂದೆ ಇರಲೇಬೇಕಾಗಿತ್ತು. ಅಣ್ಣನ ಕಾಲು ಉದ್ದ, ಅಪ್ಪ ಅವನನ್ನು ಆರಿಸಿದ. ನನ್ನ ಕಾಲು ಗಿಡ್ಡವಾಗಿದ್ದುದಕ್ಕೆ ನಾನು ಶಾಲೆಗೆ ಹೋದೆ. ಇಷ್ಟೇ ವ್ಯತ್ಯಾಸ. ಆದರೆ ಪದವಿ ಬಂದ ಮೇಲೆ ಆ ವ್ಯತ್ಯಾಸ ಕಾಲಿನದು ಎನ್ನುವುದನ್ನು ನಾನು ಮರೆತೆ, ತಲೆಯದು ಎಂದುಕೊಂಡೆ.

ಅಣ್ಣನಿಗೆ ಒಬ್ಬಳೇ ಮಗಳು. ಆಗ ಗೋಕಾಕದಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಳು. ಹಿಂದಿನ ವರ್ಷ ಕಾಲೇಜಿನವರು ಒಂದು ಕ್ಯಾಂಪಿಗೆ ಕರೆದೊಯ್ದು ಬಂದೂಕು ಹಿಡಿಸಿದ್ದರು. ಇವಳು ಹೊಡೆದ ಗುಂಡುಗಳೆಲ್ಲ ರೊಟ್ಟಿಯ ಮೇಲಿನ ಒಂದು ಸುಟ್ಟ ಕಲೆಯಷ್ಟು ಜಾಗದಲ್ಲಿ ಬಿದ್ದವಂತೆ. ಬೆಳಗಾವಿಯಲ್ಲಿ ಗುರಿ ಹೊಡೆಯುವುದನ್ನು ಕಲಿಸುವವರಿದ್ದಾರೆ, ಹಳ್ಳಿಯ ಹುಡುಗಿಯರನ್ನು ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತಾರೆ, ಆಯ್ಕೆಯಾದರೆ ಅಲ್ಲೇ ಹಾಸ್ಟೆಲ್ಲು, ಅಲ್ಲೇ ಡಿಗ್ರಿ ಎಂದು ಕ್ಯಾಂಪಿನವರು ಹೇಳಿ ಕಳಿಸಿದ್ದರು. ಆಯ್ಕೆಯಾಗದಿದ್ದರೆ ಏನು ಎನ್ನುವುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವೈನಿಯ, ಅಂದರೆ ಅತ್ತಿಗೆಯ, ತವರಿನವರು ತಮ್ಮ ಮಗನಿಗೆ ಇವಳನ್ನು ಕೇಳತೊಡಗಿದ್ದರು. ಪಿಯುಸಿ ಮುಗಿಯಲಿ ಎಂದು ಅಣ್ಣ ಅವರನ್ನು ತಡೆದು ನಿಲ್ಲಿಸಿದ್ದ.

ಅಭ್ಯಾಸಕ್ಕೆಂದು ಅಣ್ಣ ಕೊಣ್ಣೂರಿನಿಂದ ಒಂದು ಹಳೆಯ ಛರ್ರೆ ಬಂದೂಕು ತಂದ. ಪೇರಲ ತೋಟದಲ್ಲಿ ಗಿಳಿ ಓಡಿಸಲು ಯಾರೋ ಇಟ್ಟುಕೊಂಡಿದ್ದದ್ದು. ಮದ್ದು ಗಿದ್ದು ಏನಿಲ್ಲ. ನಳಿಗೆ ಮಡಚಿದರೆ ಸ್ಪ್ರಿಂಗು ಬಿಗಿಯುತ್ತದೆ, ಗಾಳಿಯ ಒತ್ತಡಕ್ಕೆ ಜೋಳದ ಕಾಳಿನಷ್ಟು ಸೀಸದ ಛರ್ರೆ ಹಾರುತ್ತದೆ. ಲೈಸೆನ್ಸು ಬೇಡದ ಬಂದೂಕು. ಆದರೂ ಅಣ್ಣ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಕೂಸನ್ನು ಹಿಡಿದವನಂತೆ ತೊಡೆಯ ಮೇಲಿಟ್ಟುಕೊಂಡು ತಂದನಂತೆ. ಕುರಿದೊಡ್ಡಿಯ ಹಿಂದಿನ ಮಣ್ಣಿನ ಗೋಡೆಗೆ ಹುಡುಗಿ ಗುರಿಕಾಗದ ಅಂಟಿಸುತ್ತಿದ್ದಳು. ಹಳೆಯ ಮದುವೆ ಕಾರ್ಡುಗಳ ಹಿಂಬದಿಗೆ ತಾಯಿಯ ಬಳೆ ಇಟ್ಟು ಗೆರೆ ಎಳೆದರೆ ಅದೇ ಗುರಿ. ದಸರೆಯ ತನಕ ಕಾರ್ಡಿನ ನಡುವೆ ಒಂದೇ ಒಂದು ತೂತು ದೊಡ್ಡದಾಗುತ್ತಾ ಹೋಗುತ್ತಿತ್ತು.

ದಸರೆ ಕಳೆದ ಮೇಲೆ ಛರ್ರೆಗಳು ಚದುರತೊಡಗಿದವು. ಒಂದು ಮೇಲೆ, ಒಂದು ಕೆಳಗೆ, ಒಂದು ಕಾರ್ಡನ್ನೇ ಬಿಟ್ಟು ಗೋಡೆಗೆ.

ಒಂದು ರವಿವಾರ ಊರಿಗೆ ಹೋದಾಗ ಹುಡುಗಿ ಬಂದೂಕು ತಂದು ನನ್ನ ಮುಂದಿಟ್ಟಳು. "ಕಾಕಾ, ನೋಡು ನೀನು. ನಂಗ ತಿಳೀವಲ್ದು." ನಾನು ನಳಿಗೆಯ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ತುಕ್ಕು. ತುಕ್ಕಿನ ಜೊತೆ ಹಳದಿ ಬಣ್ಣದ ಏನೋ ಒಣಗಿ ಗಟ್ಟಿಯಾಗಿ ಕೂತಿತ್ತು. ಛರ್ರೆ ಹೊರಗೆ ಬೀಳುವ ಕೊನೆಯ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಆಗಿತ್ತು. ಆ ಅಂಚು ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಹಿಂದಿನಿಂದ ಬರುವ ಗಾಳಿ ಛರ್ರೆಯನ್ನು ಒಂದು ಮಗ್ಗುಲಿಗೆ ತಳ್ಳುತ್ತದೆ. ಅದು ನನಗೆ ತಕ್ಷಣ ತಿಳಿಯಿತು. ಸುಳ್ಳು ಹೇಳುವುದಿಲ್ಲ, ತಿಳಿದದ್ದಕ್ಕೆ ಎದೆ ಉಬ್ಬಿತು.

"ಬಾಯಾಗ ಏನ್ ತುರಕೀರಿ ಇದಕ್ಕ?" ಎಂದೆ.

ಅಣ್ಣ ಕುರಿಯ ಗೊರಸು ನೋಡುತ್ತಾ ಕುಳಿತಿದ್ದ. "ಭಂಡಾರ. ಖಂಡೇಪೂಜಿಗೆ."

"ನಳಿಗಿ ಒಳಗ?"

"ಬಾಯಿ ಅದಲ್ಲೇನೋ ತಮ್ಮಾ? ಮೈಗೆ ಹಚ್ಚಿ ಬಾಯಿಗೆ ಕೊಡಲಿಲ್ಲಂದ್ರ ಹೆಂಗ?"

ಮಹಾನವಮಿಗೆ ನಮ್ಮ ಮನೆಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಕುಡಗೋಲು ಎಲ್ಲವನ್ನೂ ದೇವರ ಜಗಲಿಯ ಮುಂದಿಟ್ಟು ಪೂಜಿಸುತ್ತೇವೆ. ಅದೇ ಖಂಡೇಪೂಜೆ. ಭಂಡಾರ ಅಂದರೆ ದೇವರ ಅರಿಶಿಣ. ಕುರಿಗೆ ಹಚ್ಚುತ್ತೇವೆ, ಮಕ್ಕಳಿಗೆ ಜ್ವರ ಬಂದರೆ ನಾಲಿಗೆಯ ಮೇಲಿಡುತ್ತೇವೆ. ಆ ವರ್ಷ ಮಗಳ ಬಂದೂಕಿಗೂ ಕೊಡಬೇಕೆಂದು ಅಣ್ಣ ಭಂಡಾರವನ್ನು ಒಡೆದ ತೆಂಗಿನಕಾಯಿಯ ನೀರಿನಲ್ಲಿ ಕಲಸಿ ನಳಿಗೆಯ ಬಾಯೊಳಗೆ ಬೆರಳಿನಿಂದ ತುಂಬಿದ್ದ. ಬನ್ನಿ ಕೊಡುವ ತನಕ ಪೂಜೆಯ ವಸ್ತು ಎತ್ತಬಾರದು. ಆಮೇಲೆ ಹುಡುಗಿಗೆ ಕಾಲೇಜಿನ ಪರೀಕ್ಷೆ. ಬಂದೂಕು ಹಾಗೇ ಜಗಲಿಯ ಮುಂದೆ ಉಳಿದಿತ್ತು.

"ಹೋಳಿಗಿ ಉಣಸಲಿಲ್ಲೇನ್ ಮತ್ತ?" ಎಂದೆ. "ಬಾಯಿ ಐತಿ ಅಂತ ತುಪ್ಪ, ಹಾಲು ಹಾಕ್ಬೇಕಿತ್ತು. ಕಾಯಿ ನೀರ, ಕಬ್ಬಿಣ, ಗಾಳಿ. ಎಂಟನೇತ್ತೆ ಹುಡುಗ್ರೂ ಹೇಳ್ತಾವ ಏನ್ ಆಕ್ಕೈತಿ ಅಂತ. ನಿಮ್ಮ ಭಕ್ತಿ ಆಕಿ ಕೈ ಕೆಡಿಸ್ತು ನೋಡ್ರಿ."

ಅಣ್ಣನಿಗೆ ನಾನು ‘ನೀ’ ಅನ್ನುವವನು. ಅವತ್ತು ‘ನಿಮ್ಮ’ ಅಂದೆ, ಊರ ಮಂದಿಯನ್ನೆಲ್ಲ ಸೇರಿಸಿ ಅಂದಂತೆ. ಹಾಲಿಗೆ ಬಂದಿದ್ದ ಪಕ್ಕದ ಮನೆಯವನು ಜೋರಾಗಿ ನಕ್ಕ. ಅಣ್ಣನೂ ನಕ್ಕ. "ಖರೆ ಬಿಡೋ. ನಮಗೇನ್ ತಿಳೀತೈತಿ," ಎಂದ. ಅವನು ಒಪ್ಪಿಕೊಂಡ ಎಂದೇ ನಾನು ಎಣಿಸಿದೆ. ವೈನಿ ಮಾತ್ರ ನಗಲಿಲ್ಲ. ಚಹದ ಕಪ್ಪನ್ನು ನನ್ನ ಮುಂದೆ ಸ್ವಲ್ಪ ಸಪ್ಪಳ ಮಾಡಿಯೇ ಇಟ್ಟರು.

"ಬೆಳಗಾವ್ಯಾಗ ರಿಪೇರಿ ಮಾಡವ್ರ ಅದಾರಂತ. ಒಯ್ಯಲೇನು?" ಎಂದ ಅಣ್ಣ.

"ಯಾಕ? ನಾ ಬಿ.ಎಸ್ಸಿ. ಸುಮ್ನ ಮಾಡೀನೇನು?"

"ಅದೂ ಖರೆ."

ಕೆಟ್ಟ ತುದಿಯನ್ನು ಕತ್ತರಿಸಿ ನಳಿಗೆಗೆ ಹೊಸ ಬಾಯಿ ಮಾಡುವುದು ನನ್ನ ಯೋಜನೆ. ಮೊಬೈಲಿನಲ್ಲಿ ನೋಡಿದ್ದೆ, ಯಾವುದೋ ದೇಶದ ಮುದುಕ ಅಡುಗೆಮನೆಯ ಮೇಜಿನ ಮೇಲೆ ಮಾಡುತ್ತಿದ್ದ. ಮುಂದಿನ ರವಿವಾರ ಗೌಂಡಿಯೊಬ್ಬನಿಂದ ಗುಣ್ಯಾ ತಂದೆ, ಗೋಡೆಯ ಮೂಲೆ ನೇರವಿದೆಯೇ ಎಂದು ಅವರು ಹಿಡಿದು ನೋಡುತ್ತಾರಲ್ಲ, ಅದು. ಮೂಡಲಗಿಯ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಇಂಜಿನ್ನಿನ ವಾಲ್ವ್ ತಿಕ್ಕುವ ಪೇಸ್ಟು ಬೇಡಿ ತಂದೆ. ಗುಂಡುತಲೆಯ ಹಿತ್ತಾಳೆ ಸ್ಕ್ರೂ, ಕೈಯಿಂದ ತಿರುಗಿಸುವ ಡ್ರಿಲ್ಲು, ಹ್ಯಾಕ್ಸಾ, ಕಬ್ಬಿಣ ಉಜ್ಜುವ ಕಾನಸು ಎಲ್ಲ ಸೇರಿದವು.

ಅಂಗಳದಲ್ಲಿ ಅಣ್ಣ ಕಂಬಳಿ ಸುತ್ತಿದ ನಳಿಗೆಯನ್ನು ಎರಡು ಮೊಣಕಾಲ ನಡುವೆ ಅವುಚಿ ಹಿಡಿದು ಕುಳಿತ. ಉಣ್ಣೆ ಕತ್ತರಿಸುವಾಗ ಟಗರನ್ನು ಹಾಗೇ ಹಿಡಿಯುತ್ತಾನೆ. ನಾನು ಕೊಯ್ದೆ. ತುದಿ ಬಿದ್ದಾಗ ಅಣ್ಣ ಅದನ್ನು ನೆಲಕ್ಕೆ ಬಿಡಲಿಲ್ಲ, ಅಂಗೈಯಲ್ಲಿ ಹಿಡಿದ. ಹೆಬ್ಬೆರಳಿನಷ್ಟು ತುಂಡು, ಒಳಗಿನ್ನೂ ಹಳದಿ. ಸುಮ್ಮನೆ ಹೋಗಿ ಜಗಲಿಯ ಮೇಲಿಟ್ಟು ಬಂದ. ನಾನು ಗುಣ್ಯಾ ಹಿಡಿದು ಹಿಡಿದು ಕಾನಸಿನಿಂದ ತಿಕ್ಕಿ ನಳಿಗೆಯ ತುದಿಯನ್ನು ಚಪ್ಪಟೆ ಮಾಡಿದೆ. ಆಮೇಲೆ ಹಿತ್ತಾಳೆ ಸ್ಕ್ರೂವಿನ ಗುಂಡುತಲೆಗೆ ಪೇಸ್ಟು ಹಚ್ಚಿ, ಡ್ರಿಲ್ಲಿಗೆ ಸಿಕ್ಕಿಸಿ, ನಳಿಗೆಯ ಬಾಯಿಗೆ ಕೂಡಿಸಿ ತಿರುಗಿಸುತ್ತಾ ಕೈಯನ್ನು ಸುತ್ತ ಆಡಿಸಿದೆ. ಒರೆಸಿ ನೋಡಿದರೆ ತೂತಿನ ಸುತ್ತ ಉಂಗುರದಂಥ ಒಂದು ಹೊಳಪು, ಎಲ್ಲೂ ತುಂಡಾಗದ, ಎಲ್ಲ ಕಡೆ ಒಂದೇ ಅಗಲದ ಗೆರೆ. ಹುಡುಗಿ ಬಗ್ಗಿ ನೋಡಿ "ಏ ಕಾಕಾ, ಮೂಗಬಟ್ಟಿನ ಹರಳಿನಂಗ ಹೊಳ್ಯಾಕತ್ತೈತಿ!" ಎಂದಳು. ಇವತ್ತಿಗೂ ಹೇಳುತ್ತೇನೆ, ಆ ಬಾಯಿ ಚೆನ್ನಾಗಿತ್ತು. ಅದರಲ್ಲಿ ತಪ್ಪಿರಲಿಲ್ಲ.

ತಪ್ಪು ಅದರ ನಂತರದ್ದು. ತುದಿ ಕತ್ತರಿಸಿದಾಗ ಅದರ ಮೇಲಿದ್ದ ಗುರಿಕಡ್ಡಿಯೂ ಕಳಚಿ ಬಂದಿತ್ತು. ಹಿಂದಿನ ಸೀಳಿನಿಂದ ನೋಡಿ ಈ ಕಡ್ಡಿಯ ತುದಿಯನ್ನು ಗುರಿಗೆ ಹಿಡಿದು ಹೊಡೆಯುವುದು. ಅದನ್ನು ನಳಿಗೆಯ ಹೊಸ ತುದಿಗೆ ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ನಾನು ವಿಜ್ಞಾನದ ಮಾಸ್ತರ, ಕಣ್ಣಳತೆ ನಂಬುವವನಲ್ಲ. ಬಂದೂಕನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಅಲುಗಾಡದ ಹಾಗೆ ಎರಡೂ ಬಾಜೂ ಇಟ್ಟಿಗೆ ಕೊಟ್ಟೆ. ಮೇಲಿನಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ದಾರಕ್ಕೆ ಸರಿಯಾಗಿ ಕಡ್ಡಿ ನಿಲ್ಲಿಸಿ ಸ್ಕ್ರೂ ಬಿಗಿದೆ. "ಇದಕ್ಕ ಲಂಬ ಅಂತಾರ," ಎಂದು ಅಣ್ಣನಿಗೂ ಹೇಳಿದೆ. ಅವನು "ಹೂಂ" ಎಂದ.

ಆವತ್ತೇ ಹುಡುಗಿ ಹೊಡೆದಳು. ಛರ್ರೆಗಳು ಮತ್ತೆ ಒಂದೇ ಕಡೆ ಬಿದ್ದವು, ಒಂದರ ಮೇಲೊಂದು. ನಾನು ಚಪ್ಪಾಳೆ ತಟ್ಟಿದೆ. ಆದರೆ ಬಿದ್ದದ್ದು ಬಳೆಯ ಗೆರೆಯ ನಡುವಿನಲ್ಲಲ್ಲ, ಎಡಕ್ಕೆ.

"ಕಾಕಾ, ಕಡ್ಡಿ ಒಂಚೂರ ಸೊಟ್ಟ ಐತೇನು?"

"ದಾರ ಬಿಟ್ಟ ನೋಡೀನವ್ವಾ. ಭೂಮಿ ಸುಳ್ಳ ಹೇಳ್ತೈತೇನು? ಎಲ್ಲಾ ಒಂದ ಕಡೆ ಬಿದ್ದಾವಂದ್ರ ನಳಿಗಿ ಸರಿ ಐತಿ ಅಂತ ಅರ್ಥ. ಎಡಕ್ಕ ಹೋಗಾಕತ್ತಾವಂದ್ರ ನಿನ್ನ ಬೆರಳ ಎಳ್ಯಾಕತ್ತೈತಿ. ಕೆಟ್ಟ ಬಂದೂಕಿನ್ಯಾಗ ಹೊಡದ ಹೊಡದ ನಿನ್ನ ಕೈ ಕೆಟ್ಟೈತಿ."

ಗೋಡೆಗೆ ಸೀಮೆಸುಣ್ಣದಿಂದ ಚಿತ್ರ ಬರೆದು ತಿಳಿಸಿಕೊಟ್ಟೆ. ಅವಳು ತಲೆಯಾಡಿಸಿದಳು. ಕಾಕಾ ಹೇಳಿದ ಮೇಲೆ ಮುಗಿಯಿತು. ನಮ್ಮ ಮನೆಯಲ್ಲಿ ಔಷಧದ ಚೀಟಿ, ಬ್ಯಾಂಕಿನ ಮೆಸೇಜು, ವೈನಿಯ ಮೊಣಕಾಲ ನೋವು, ಎಲ್ಲದಕ್ಕೂ ನನ್ನ ಮಾತೇ ಕೊನೆಯದು.

ಆ ಚಳಿಗಾಲವೆಲ್ಲ ಅವಳು ತನ್ನ ಕೈಯನ್ನು ತಿದ್ದಿದಳು. ಕಾಲೇಜಿನಿಂದ ಬಂದು, ಬ್ಯಾಗು ಬಿಸಾಡಿ, ದೊಡ್ಡಿಯ ಹಿಂದೆ. ಬೆರಳನ್ನು ಬೇರೆ ರೀತಿ ಒತ್ತುವುದು, ಭುಜವನ್ನು ಒಂದಿಷ್ಟು ತಿರುಗಿಸುವುದು, ಕೆನ್ನೆಯನ್ನು ಬಂದೂಕಿನ ಮರದ ಹಿಡಿಕೆಗೆ ಇನ್ನೂ ಒತ್ತುವುದು. ಕೆನ್ನೆಯ ಮೇಲೆ ಕೆಂಪು ಕಲೆ ಬಿದ್ದಿತ್ತು. ಸಂಕ್ರಮಣದ ಹೊತ್ತಿಗೆ ಛರ್ರೆಗಳು ನಡುವೆ ಬಂದವು. ನಾನು ಆ ಮದುವೆ ಕಾರ್ಡನ್ನು ಹುಕ್ಕೇರಿಗೆ ಒಯ್ದು ಸ್ಟಾಫ್ ರೂಮಿನಲ್ಲಿ ತೋರಿಸಿದೆ. "ಬಂದೂಕೂ ನಂದ ಕೈ, ಹುಡುಗೀನೂ ನಂದ ಕೈ," ಎಂದೆ.

ಪರೀಕ್ಷೆಗೆ ಬೆಳಗಾವಿಗೆ ಮೂವರು ಹೋದೆವು, ಅಣ್ಣ, ಹುಡುಗಿ, ನಾನು. ಕುರಿಯ ಹಿಂದೆ ವೈನಿ ಹೋದರು. ಬಂದೂಕು ಕಂಬಳಿಯಲ್ಲಿ ನಮ್ಮ ಜೊತೆಗೇ ಇತ್ತು. ಆದರೆ ಅಲ್ಲಿ ಎಲ್ಲರಿಗೂ ಅವರದೇ ಬಂದೂಕು ಕೊಡುತ್ತಾರೆ. ಸಾಲಿನಲ್ಲಿ ನಿಂತು ಹುಡುಗಿ ಹೊಡೆದಳು. ನಾನು ದೂರದಿಂದ ಅವಳ ಬೆರಳನ್ನೇ ನೋಡುತ್ತಿದ್ದೆ. ಮನಸ್ಸಿನಲ್ಲೇ ಪಾಠ ಹೇಳುತ್ತಿದ್ದೆ.

ಗುರಿಕಾಗದ ಬಂತು. ತೂತುಗಳೆಲ್ಲ ಒಂದೇ ಕಡೆ, ಒಂದರ ಮೇಲೊಂದು. ಬಲಕ್ಕೆ. ಕಪ್ಪು ವೃತ್ತದಿಂದ ಪೂರಾ ಹೊರಗೆ.

ಕಲಿಸುವ ಮೇಡಂ ಗಟ್ಟಿ ಹೆಂಗಸು, ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ. ಕಾಗದವನ್ನು ಎರಡು ಸಲ ನೋಡಿದರು. "ಇಷ್ಟ ಚಂದ ತಪ್ಪು ಯಾರೂ ಹೊಡ್ಯೂದಿಲ್ಲ," ಎಂದರು. "ಮನ್ಯಾಗ ಯಾವ ಬಂದೂಕಿನ್ಯಾಗ ರೂಢಿ ಮಾಡೀದಿ? ತಂದೀರೇನು?"

ಅಣ್ಣ ಕಂಬಳಿ ಬಿಚ್ಚಿದ. ಮೇಡಂ ಬಂದೂಕನ್ನು ಮೇಜಿನ ಮೇಲೆ ನೇರ ಇಟ್ಟು ಹಿಂದಿನಿಂದ ಒಂದು ಕಣ್ಣಲ್ಲಿ ನೋಡಿದರು. ನಳಿಗೆಯ ಬಾಯಿಯ ಮೇಲೆ ಬೆರಳಾಡಿಸಿದರು. "ಬಾಯಿ ಚೊಲೋ ಐತಿ. ಆದ್ರ ಈ ಕಡ್ಡಿ ಕುಡುಕನಂಗ ಬಾಜೂಕ ವಾಲೈತಲ್ಲ. ಪಾಪ, ಈ ಹುಡುಗಿ ಸೊಟ್ಟ ಬಂದೂಕಿಗೆ ತಕ್ಕಂಗ ತನ್ನ ಕೈನ ಸೊಟ್ಟ ಮಾಡ್ಕೊಂಡಾಳ. ಯಾರ್ ಕುಂದರಿಸಿದ್ರಿ ಇದನ್ನ?"

ಅದೇ ಹೊತ್ತಿಗೆ ಹಿಂದಿನಿಂದ ಯಾರೋ "ನಮಸ್ಕಾರ್ರೀ ಸರ, ನೀವೂ ಬಂದೀರಿ!" ಎಂದರು. ಹುಕ್ಕೇರಿಯವರು, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ದೊಡ್ಡ ಮಗಳನ್ನು ಕರೆತಂದಿದ್ದರು. ನನ್ನ ಕೈ ನಮಸ್ಕಾರಕ್ಕೆ ಎದ್ದಿತು. ಬಾಯಿ ತೆರೆಯಲಿಲ್ಲ.

"ನಾನ್ರಿ ಮೇಡಮ್ಮಾರ," ಎಂದ ಅಣ್ಣ. "ನಾನ ಕುಂದರಿಸೇನ್ರಿ. ಕುರಿ ಕಾಯೂ ಮಂದಿ, ತಿಳೀಲಿಲ್ರಿ."

"ಏನ್ ಕಾಕಾ," ಎಂದರು ಮೇಡಂ ಅಣ್ಣನಿಗೆ, "ತಿಳೀದಿದ್ರ ಓದಿದವ್ರನ್ನ ಕೇಳೂದಲ್ಲೇನು? ಮನ್ಯಾಗ ಯಾರೂ ಓದಿದವ್ರಿಲ್ಲ?"

"ಅದಾನ್ರಿ, ನಮ್ಮ ತಮ್ಮ." ಅಣ್ಣ ನನ್ನ ಕಡೆ ಕೈ ಮಾಡಿದ, ಹೆಮ್ಮೆಯಿಂದಲೇ. "ಬಿ.ಎಸ್ಸಿ. ಆದ್ರ ಅಂವ ಹುಕ್ಕೇರ್ಯಾಗ ಇರ್ತಾನ್ರಿ. ನಾ ಕೇಳಲಿಲ್ಲ."

ಮೇಡಂ ನನ್ನನ್ನು ನೋಡಿ, ಇಂಥ ಅಣ್ಣನ ಜೊತೆ ಹೇಗೆ ಸಾವರಿಸಿಕೊಂಡು ಹೋಗುತ್ತೀರೋ ಎನ್ನುವಂತೆ ಸಣ್ಣಗೆ ನಕ್ಕರು. ನಾನೂ ನಕ್ಕೆ. ಈ ನಗುವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಈಗ ಕನ್ನಡಿಯ ಮುಂದೆ ಹಲ್ಲುಜ್ಜುವಾಗಲೂ ಬಾಯಿಯನ್ನು ಹಾಗೆ ಅಗಲಿಸಲು ಆಗುವುದಿಲ್ಲ. ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅಪ್ಪನ ಮುಖ. ಆಮೇಲೆ ನೆಲ ನೋಡಿದಳು.

"ಕೈ ಐತಿ ಈಕಿಗೆ," ಎಂದರು ಮೇಡಂ. "ಆದ್ರ ಕಲ್ತದ್ದನ್ನ ಮರೀಬೇಕು, ಅದು ಕಲಿಯೂದಕ್ಕಿಂತ ತ್ರಾಸ. ಈ ವರ್ಷ ಆಗೂದಿಲ್ಲ. ಬರೂ ದಸರಾ ಆದಮ್ಯಾಲ ಕರಕೊಂಡ ಬರ್ರಿ."

ತಿರುಗಿ ಬರುವಾಗ ಗೋಕಾಕದಲ್ಲಿ ಬಸ್ಸು ಬದಲಿಸಬೇಕಿತ್ತು. ಅಣ್ಣ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಕರದಂಟು ತಂದು ಮಗಳ ಕೈಗೆ ಕೊಟ್ಟ. ಅವಳು ಕಿಟಕಿಯ ಬದಿಗೆ ಕುಳಿತು ತಿನ್ನದೆ ಹಿಡಿದುಕೊಂಡಿದ್ದಳು. ನಾನು ಅಣ್ಣನ ಪಕ್ಕದಲ್ಲಿ ಮೆಲ್ಲಗೆ ಕೇಳಿದೆ.

"ಯಾಕ ಹಂಗ ಅಂದಿ?"

"ಹೆಂಗ?"

"ನೀ ಕುಂದರಿಸಿದ್ದು ಅಂತ."

"ಮತ್ತೇನ್ ಅನ್ಬೇಕಿತ್ತು? ನಾ ತಪ್ಪ ಮಾಡಿದ್ರ ಮಂದಿಗೆ ಅದ ದಿನದ ಮಾತು. ನೀ ಮಾಡಿದ್ರ ಸುದ್ದಿ ಆಕ್ಕೈತಿ. ಆ ಹುಕ್ಕೇರಿ ಮನಶ್ಯಾ ನಿಂತಿದ್ದ, ನೋಡ್ಲಿಲ್ಲೇನು? ನಾಳಿ ನೀ ಸಾಲ್ಯಾಗ ಮಾರಿ ಎತ್ತಿ ನಿಲ್ಲಬೇಕಲ್ಲ." ತೊಡೆಯ ಮೇಲಿನ ಕಂಬಳಿ ಸರಿಮಾಡಿಕೊಂಡು, "ಭಂಡಾರ ಹಾಕಿ ಕೆಡಿಸಿದವ ನಾನ ಅಲ್ಲೇನ್, ಅಲ್ಲಿಂದ ಶುರುವಾತು," ಎಂದ. ಆ ಮಾತಿನಲ್ಲಿ ಕೊಂಕಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ.

ಮನೆಗೆ ಬಂದಾಗ ವೈನಿ ಕಟ್ಟೆ ತೊಳೆಯುತ್ತಿದ್ದರು. ಚೆಲ್ಲಿದ ನೀರು ಗೋಡೆಯ ಕಡೆಯಿಂದ ಅಂಗಳದ ಕಡೆಗೆ ಸರಸರ ಇಳಿದು ಹೋಯಿತು. ಮಳೆಯ ನೀರು ನಿಲ್ಲದಿರಲೆಂದು ನಮ್ಮ ಕಡೆ ಎಲ್ಲ ಮನೆಗಳ ಕಟ್ಟೆಯನ್ನೂ ಇಳಿಜಾರು ಕಟ್ಟುತ್ತಾರೆ. ಅದರ ಮೇಲೆ ಜೋಳ ಆರಿಸುತ್ತಾ, ಉರುಳುವ ಕಾಳು ಹಿಡಿಯುತ್ತಾ ಬೆಳೆದವನು ನಾನು. ದಾರ ನೆಟ್ಟಗಿತ್ತು, ಭೂಮಿಯೂ ಸುಳ್ಳು ಹೇಳಿರಲಿಲ್ಲ. ಬಂದೂಕು ಕುಳಿತದ್ದು ವಾಲಿದ ಕಟ್ಟೆಯ ಮೇಲೆ. ವಾಲಿ ಕುಳಿತ ಬಂದೂಕಿಗೆ ನಾನು ನೆಟ್ಟಗಿನ ಕಡ್ಡಿ ನಿಲ್ಲಿಸಿದ್ದೆ. ನೀರು ಪೂರ್ತಿ ಇಳಿದು ಹೋಗುವ ತನಕ ಅಲ್ಲೇ ನಿಂತಿದ್ದೆ. ವೈನಿ "ಸರೀರಿ, ಕಾಲ ತೋಯ್ತಾವು," ಎಂದರು.

ಪಿಯುಸಿ ಮುಗಿಯಿತು. ತವರಿನವರು ಬಂದರು. ನಾನೂ ಅವತ್ತು ಅಲ್ಲಿದ್ದೆ. ಅಣ್ಣ ಅವರಿಗೆ ಉಣ್ಣಲು ಹಾಕಿ, ಅಡಿಕೆ ಎಲೆ ಕೊಟ್ಟು, "ಒಂದ ವರ್ಷ ತಡೀರಿ. ಬಂದೂಕ ನಾ ಕೆಡಿಸೇನಿ, ಆಕಿ ವರ್ಷಾನೂ ನಾನ ಕೆಡಿಸೇನಿ. ಅದನ್ನ ನಾನ ತುಂಬಿ ಕೊಡಬೇಕು," ಎಂದ. ಬೀಗನಾಗಬೇಕಿದ್ದವನು, ವೈನಿಯ ಒಡಹುಟ್ಟಿದವನು, "ನಿನ್ನಂಥಾ ಹುಂಬನ್ನ ನೋಡಿಲ್ಲ ಮಾವಾ, ಬಂದೂಕಿನ ಬಾಯಾಗ ಅರಿಶಿಣ ತುಂಬವ!" ಎಂದು ತೊಡೆ ತಟ್ಟಿ ನಕ್ಕ. ಅಣ್ಣನ ಹೆಸರಿಗೆ ಆ ಮಾತು ಸುತ್ತಲಿನ ಹಳ್ಳಿಗಳಲ್ಲೆಲ್ಲ ಅಂಟಿಕೊಂಡಿತ್ತು. ಸೊಟ್ಟ ಕಡ್ಡಿಯ ಮಾತು ಎಲ್ಲೂ ಹೋಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅನ್ನಲಿಲ್ಲ. ವೈನಿಯಾದರೂ ಒಮ್ಮೆ ಪಾತ್ರೆ ಎತ್ತಿ ಬಡಿಯಬಾರದೇ ಎಂದು ಕಾಯುತ್ತಿದ್ದೆ. ಅವರು ನನ್ನ ರೊಟ್ಟಿಗೆ ತುಪ್ಪ ಹೆಚ್ಚೇ ಹಾಕತೊಡಗಿದರು.

ಹುಡುಗಿಯ ಹೆಸರನ್ನು ಮೂಡಲಗಿಯ ಕಾಲೇಜಿಗೆ ಹಚ್ಚಿದರು. ಬಂದೂಕನ್ನು ಅಣ್ಣ ಬೆಳಗಾವಿಗೆ ಒಯ್ದು ಕಡ್ಡಿ ಸರಿ ಮಾಡಿಸಿಕೊಂಡು ಬಂದ. ನಾನು ಬರುತ್ತೇನೆ ಎಂದಿದ್ದೆ, "ನಿನ್ನ ಸಾಲಿ ಐತಲ್ಲ," ಎಂದ. ಅವಳು ಬೇಸಿಗೆ, ಮಳೆಗಾಲ ಎರಡನ್ನೂ ದೊಡ್ಡಿಯ ಹಿಂದೆ ಕಳೆದಳು. ಕಲಿತದ್ದನ್ನು ಮರೆಯುವುದು ಎಂದರೆ ಏನೆಂದು ಕಣ್ಣಾರೆ ಕಂಡೆ. ಹತ್ತು ನೆಟ್ಟಗೆ ಹೋದ ಮೇಲೆ ಹನ್ನೊಂದನೆಯದು ಹಳೆಯ ಅಭ್ಯಾಸದಲ್ಲಿ ಬಲಕ್ಕೆ ಹಾರುತ್ತಿತ್ತು. ಆಗ ಅವಳು ಬಂದೂಕು ಕೆಳಗಿಟ್ಟು, ತನ್ನ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ಕುಳಿತುಬಿಡುತ್ತಿದ್ದಳು. ನಾನು ಹತ್ತಿರ ಹೋದರೆ ಎದ್ದು ನಿಲ್ಲುತ್ತಿದ್ದಳು. "ಕಾಕಾ, ಚಹಾ ಕುಡೀತೀರೇನ್ರಿ?" ಚಿಕ್ಕಂದಿನಿಂದ ನನ್ನನ್ನು ‘ನೀ’ ಎಂದ ಹುಡುಗಿ, ಯಾವ ದಿನದಿಂದ ‘ರಿ’ ಹಚ್ಚಿದಳೋ ನನಗೆ ನೆನಪಿಲ್ಲ. ಊರವರೆಲ್ಲ ‘ಸರ’ ಎನ್ನುವಾಗ ಹಿಗ್ಗುವವನಿಗೆ ಆ ಒಂದು ಗೌರವ ಮಾತ್ರ ಬೇಡವಾಗಿತ್ತು.

ಮತ್ತೆ ದಸರೆ ಬಂತು. ಜಗಲಿಯ ಮುಂದೆ ಕತ್ತರಿ, ಕೊಡಲಿ, ಕುಡಗೋಲು, ಬಂದೂಕು. ಅಣ್ಣ ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಕುಳಿತು ಎಲ್ಲದಕ್ಕೂ ಭಂಡಾರ ಹಚ್ಚುತ್ತಾ ಬಂದ. ಬಂದೂಕಿನ ಹತ್ತಿರ ಬಂದಾಗ ಅವನ ಕೈ ನಿಂತಿತು. ನನ್ನ ಕಡೆ ತಿರುಗಿದ.

"ತಮ್ಮಾ, ಎಲ್ಲಿ ಹಚ್ಚಲಿ?"

ತನ್ನ ಮನೆಯಲ್ಲಿ, ತನ್ನ ದೇವರ ಮುಂದೆ, ತಾನು ಕೊಂಡು ತಂದ ವಸ್ತುವಿಗೆ. ನಾನು "ನಿನಗ ತಿಳಿದಲ್ಲಿ ಹಚ್ಚೋ ಅಣ್ಣಾ" ಎಂದೆ. ಹಾಗೆ ಅಂದರೂ ಅಪ್ಪಣೆ ಕೊಟ್ಟಂತೆಯೇ ಕೇಳಿಸಿತು. ಅವನು ಮರದ ಹಿಡಿಕೆಗೆ ಒಂದು ಬೊಟ್ಟು ಇಟ್ಟ. ಕೈಯಲ್ಲಿ ಇನ್ನೂ ಭಂಡಾರ ಉಳಿದಿತ್ತು. ಸುತ್ತ ನೋಡಿ, ಜಗಲಿಯ ಮೇಲಿದ್ದ ಆ ಕತ್ತರಿಸಿದ ತುಂಡನ್ನು ತೆಗೆದುಕೊಂಡ. "ಇದು ಹೆಂಗೂ ಕೆಟ್ಟೈತಿ. ಇದರ ಬಾಯಿಗೆ ಕೊಟ್ರ ಏನೂ ಆಗೂದಿಲ್ಲಲ್ಲ?" ಎಂದು ತೂತಿನೊಳಗೆ ಬೆರಳಿನಿಂದ ತುಂಬಿದ.

ಹುಡುಗಿ ಫಕ್ಕನೆ ನಕ್ಕಳು. "ಅಪ್ಪಾ, ಹೋಳಿಗಿನೂ ಉಣಸು ಅದಕ್ಕ!" ಎಂದವಳು, ಆ ಮಾತು ಯಾರದೆಂದು ನೆನಪಾಗಿ ತುಟಿ ಕಚ್ಚಿದಳು.

ಮರುದಿನ ಸಂಜೆ ಬನ್ನಿ. ಸಣ್ಣವರು ದೊಡ್ಡವರಿಗೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು ರೂಢಿ. ನಾನು ಅಣ್ಣನಿಗೆ ಬಿದ್ದೆ. ಹುಡುಗಿ ಅಪ್ಪನಿಗೆ ಬಿದ್ದು, ನನ್ನ ಮುಂದೆ ಬಂದಳು. "ಬಂಗಾರ ತಗೊಳ್ರಿ ಕಾಕಾ" ಎಂದು ಬಗ್ಗಿದಳು. ಹಿಂದೆ ಸರಿಯುವ ಹಾಗಿಲ್ಲ, ಅದು ಕೊಟ್ಟವರಿಗೆ ಅವಮಾನ. ಅವಳ ತಲೆಯ ಮೇಲೆ ಕೈ ಇಡಬೇಕು, ಇಟ್ಟೆ. ಅವಳು ಎದ್ದು ನಿಂತು ಮೆಲ್ಲಗೆ ಹೇಳಿದಳು.

"ಕಾಕಾ, ಒಂದ ಮಾತ. ಬೆಳಗಾವಿಗೆ ನೀವು ಬರಬ್ಯಾಡ್ರಿ. ನೀವು ನಿಂತಿದ್ರ ನಂಗ ಬೆರಳ ನೆನಪ ಆಕ್ಕೈತಿ."

ಈ ಸಲ ವೈನಿಯೂ ಹೋಗಬೇಕೆಂದರು. ಮಗಳು ಹೊಡೆಯುವುದನ್ನು ಅವರು ಒಮ್ಮೆಯೂ ಹೊರಗೆ ಕಂಡಿರಲಿಲ್ಲ. ಹಾಗಾದರೆ ಕುರಿ ಕಾಯುವವರು ಯಾರು? "ನಾ ಕಾಯ್ತೇನಿ," ಎಂದೆ. ಅಣ್ಣ ಬಾಯಿ ಮುಚ್ಚಿಕೊಂಡು ನಕ್ಕ. "ಕಾಯಿ. ಕಪ್ಪು ಕಿವಿ ಆಡಿನ ಮ್ಯಾಲ ಕಣ್ಣಿಡು, ಅದು ನಿನ್ನಕ್ಕಿಂತ ಶಾಣ್ಯಾ ಐತಿ."

ಶಾಲೆಗೆ ರಜೆ ಹಾಕಿ, ಅಣ್ಣನ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದೆ. ಕುರಿಗಳಿಗೆ ನನ್ನ ಕೂಗು ತಿಳಿಯಲಿಲ್ಲ. ಅಣ್ಣ ನಾಲಿಗೆ ಮಡಚಿ ಒಂದು ಸಪ್ಪಳ ಮಾಡುತ್ತಾನೆ, ನನ್ನ ಬಾಯಿಂದ ಅದು ಬರೀ ಗಾಳಿಯಾಗಿ ಬಂತು. ಕಾಲುವೆಯ ಬದಿಯಲ್ಲಿ ಹೇಗೋ ಮೇಯಿಸುತ್ತಾ, ಒಂದು ಕಣ್ಣು ಫೋನಿನ ಮೇಲೆ ಇಟ್ಟಿದ್ದೆ. ಮಧ್ಯಾಹ್ನ ಅಣ್ಣನ ಫೋನು ಬಂತು. ಅವನು ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುತ್ತಾನೆ.

"ನಡುವ ಬಿದ್ದಾವೋ ತಮ್ಮಾ! ಎಲ್ಲಾ ನಡುವ! ತಗೊಂಡ್ರು ಆಕಿನ್ನ!"

ಹಿಂದಿನಿಂದ ವೈನಿ ಅಳುತ್ತಾ ನಗುವುದು ಕೇಳುತ್ತಿತ್ತು. ಅಣ್ಣ ಮುಂದುವರಿಸಿದ.

"ಮೇಡಮ್ಮಾರು ಬಂದೂಕ ನೋಡಿದ್ರು. ಈ ಸಲ ಕಡ್ಡಿ ಯಾರ್ ಕುಂದರಿಸಿದ್ರಿ ಕಾಕಾ, ಭಾಳ ಚೊಲೋ ಐತಿ ಅಂದ್ರು. ನಮ್ಮ ತಮ್ಮ ಅಂದ್ನಿ."

"ಅಣ್ಣಾ..."

"ಹೂಂ, ಬಸ್ಸ ಬಂತು. ಇಡ್ತೇನಿ."

ಫೋನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಬೈಗುಳ ಕೇಳಿ ತಿರುಗಿದರೆ ಕಪ್ಪು ಕಿವಿಯ ಆಡು ಮುಂದೆ, ಅರ್ಧ ಹಿಂಡು ಅದರ ಹಿಂದೆ, ಪಕ್ಕದ ಗೋವಿನಜೋಳದ ಹೊಲದೊಳಗೆ. ಹೊಲದವನು ಬಡಿಗೆ ಎತ್ತಿಕೊಂಡು ಓಡಿಬರುತ್ತಿದ್ದ.

"ಯಾರ್ ಲೇ ಕಾಯಾವ? ಕಣ್ಣ ಎಲ್ಲಿ ಇಟ್ಟಿ?"

ನಾನು ಕಂಬಳಿ ಕೆಳಗೆ ಹಾಕಿ ಅವನ ಎದುರಿಗೆ ಹೋದೆ. "ನಾನ್ರಿ. ನಾನ ಬಿಟ್ಟೇನಿ. ತಪ್ಪ ನಂದು," ಎಂದೆ. ಒಂದು ಮುಷ್ಟಿ ಸೊಪ್ಪೆಗಾಗಿ ಆ ಮಾತು ಎಷ್ಟು ಸಲೀಸಾಗಿ ಬಂತು. ಇನ್ನೊಮ್ಮೆಯೂ ಹೇಳಿದೆ. "ನಂದ ತಪ್ಪ್ರಿ, ಅಣ್ಣಂದಲ್ಲ."

ಅವನು ಹತ್ತಿರ ಬಂದು ನನ್ನ ಮುಖ ನೋಡಿದ. ಗುರುತು ಸಿಕ್ಕಿ, ಬಡಿಗೆ ತಾನಾಗಿಯೇ ಕೆಳಗಿಳಿಯಿತು.

"ಅಯ್ಯ, ಸರ ಅದೀರೇನ್ರಿ? ಇರ್ಲಿ ಬಿಡ್ರಿ. ನೀವು ಓದಿದವ್ರು, ನಿಮಗ್ಯಾಕ ಈ ಕೆಲ್ಸಾ ಹಚ್ಚ್ಯಾನ ನಿಮ್ಮಣ್ಣ? ಸಂಜಿಗೆ ಬರ್ಲಿ ಅಂವ, ಅಂವನ್ನ ಕೇಳ್ತೇನಿ."